ಗ್ರೀಕ್ ಅಕ್ಷರದ ಮನೆಗಳು, ಚಿತ್ರದಲ್ಲಿ ಕಾಣದ ದೊಡ್ಡವರು

ಕಳೆದ ಸೆಪ್ಟೆಂಬರ್‌ನಲ್ಲಿ ಒಂದು ರಾತ್ರಿ ಅಕ್ಕ ಮೈಸೂರಿನಿಂದ ಫೋನ್ ಮಾಡಿದಳು. ಅವಳ ಮಗ ಅಮೆರಿಕದ ಒಂದು ರಾಜ್ಯ ವಿಶ್ವವಿದ್ಯಾಲಯಕ್ಕೆ ಸೇರಿ ಇನ್ನೂ ತಿಂಗಳು ತುಂಬಿರಲಿಲ್ಲ. "ಯಾವುದೋ ಫ್ರಾಟರ್ನಿಟಿಗೆ ಸೇರುತ್ತಾನಂತೆ ಕಣೋ. ಕುಡಿದು ಬಿದ್ದು ಸಾಯುತ್ತಾರಲ್ಲ, ಆ ಹುಡುಗರ ಮನೆ ತಾನೇ ಅದು?" ಎಂದಳು. ಮಗ ಆ ಮಾತು ಎತ್ತಿದ ಮೇಲೆ ಅವಳು ಮೊಬೈಲಿನಲ್ಲಿ ಹುಡುಕಿದ್ದಳು. ಮೊದಲು ಸಿಕ್ಕಿದ್ದು ಬಿಳಿ ಹೊದಿಕೆ ಸುತ್ತಿಕೊಂಡು ಕುಣಿಯುವ ಹುಡುಗರ ಹಳೆಯ ಸಿನಿಮಾ ತುಣುಕು. ಎರಡನೆಯದು ಮಗನನ್ನು ಕಳೆದುಕೊಂಡ ಒಬ್ಬ ತಾಯಿಯ ಸಂದರ್ಶನ. ಇವೆರಡರ ನಡುವೆ ಏನಿದೆ ಎನ್ನುವುದು ಅವಳಿಗೆ ತಿಳಿಯಬೇಕಿತ್ತು.

ನಾನು ಕೆಲವು ವರ್ಷ ಅಂಥದೇ ಒಂದು ವಿಶ್ವವಿದ್ಯಾಲಯದ ಊರಿನಲ್ಲಿದ್ದೆ. ನಮ್ಮ ಬಾಡಿಗೆ ಮನೆಯ ಬೀದಿಯಲ್ಲೇ ಹಣೆಯ ಮೇಲೆ ದೊಡ್ಡ ಗ್ರೀಕ್ ಅಕ್ಷರ ಹೊತ್ತ ಒಂದು ಮನೆ ಇತ್ತು. ಹಿಮ ಬಿದ್ದ ಬೆಳಿಗ್ಗೆಗಳಲ್ಲಿ ಅಲ್ಲಿನ ನಾಲ್ಕೈದು ಹುಡುಗರು ಗುದ್ದಲಿ ಹಿಡಿದು ಬಂದು, ಪಕ್ಕದ ಒಂಟಿ ಅಜ್ಜಿಯ ಮೆಟ್ಟಿಲಿನ ಹಿಮವನ್ನು ಯಾರೂ ಕೇಳದೆಯೇ ತೆಗೆದುಕೊಡುತ್ತಿದ್ದರು. ಅದೇ ಮನೆಯ ಮುಂದೆ ಶನಿವಾರ ರಾತ್ರಿ ಎರಡು ಗಂಟೆಗೆ ಆಂಬ್ಯುಲೆನ್ಸ್ ನಿಂತಿದ್ದನ್ನೂ ನೋಡಿದ್ದೇನೆ. ಹಾಗಾಗಿ ಅಕ್ಕನಿಗೆ ಹೌದು ಎನ್ನಲೂ ಆಗಲಿಲ್ಲ, ಅಲ್ಲ ಎನ್ನಲೂ ಆಗಲಿಲ್ಲ. ಅಂದು ಅವಳಿಗೆ ಅರ್ಧಂಬರ್ಧ ಹೇಳಿದ್ದನ್ನು ಈಗ ಸಾವಧಾನವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಹದಿನೆಂಟರ ಮಕ್ಕಳನ್ನು ಅಲ್ಲಿಗೆ ಕಳಿಸುವ ಕನ್ನಡದ ಮನೆಗಳು ಈಗ ಬಹಳ ಇವೆ.

ಮೊದಲು ಇದು ಏನೆಂದು ನೋಡೋಣ. ಲ್ಯಾಟಿನ್ನಿನಲ್ಲಿ ಫ್ರಾಟರ್ ಎಂದರೆ ಸಹೋದರ. ಫ್ರಾಟರ್ನಿಟಿ ಎಂದರೆ ಕಾಲೇಜು ಹುಡುಗರ ಸಹೋದರ ಸಂಘ, ಹುಡುಗಿಯರದು ಸೊರಾರಿಟಿ. ಎರಡು ಅಥವಾ ಮೂರು ಗ್ರೀಕ್ ಅಕ್ಷರಗಳೇ ಸಂಘದ ಹೆಸರು, ಅದರಿಂದ ಈ ಲೋಕಕ್ಕೆಲ್ಲ ಗ್ರೀಕ್ ಜೀವನ ಎಂಬ ಹೆಸರು ಬಂತು. ಗ್ರೀಸ್ ದೇಶಕ್ಕೂ ಇದಕ್ಕೂ ಬೇರೆ ನಂಟಿಲ್ಲ. ವರ್ಜೀನಿಯಾದ ವಿಲಿಯಂ ಆಂಡ್ ಮೇರಿ ಕಾಲೇಜಿನಲ್ಲಿ 1776ರ ಡಿಸೆಂಬರ್‌ನಲ್ಲಿ ಹುಟ್ಟಿದ ಫೈ ಬೀಟಾ ಕಪ್ಪ ಇವುಗಳಲ್ಲಿ ಮೊದಲನೆಯದು. ಗುಟ್ಟಿನ ಕೈಕುಲುಕು, ಪ್ರಮಾಣವಚನ, ಚರ್ಚಾಕೂಟ ಎಲ್ಲ ಅಲ್ಲಿಯೇ ಶುರುವಾದವು. ಮುಂದೆ ಅದು ಓದಿನಲ್ಲಿ ಮುಂದಿರುವವರನ್ನು ಗೌರವಿಸುವ ಸಂಸ್ಥೆಯಾಯಿತು. ನಾವು ಇಂದು ಕಾಣುವ ರೀತಿಯ ಸಂಘ ಬೆಳೆದದ್ದು ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ, 1825ರಿಂದ. ಪಾದ್ರಿಗಳ ಕಟ್ಟುನಿಟ್ಟಿನ ಕಾಲೇಜಿನಲ್ಲಿ ಹುಡುಗರಿಗೆ ತಮ್ಮದೇ ಆದ ಒಂದು ಕೋಣೆ ಬೇಕಿತ್ತು. ಕೋಣೆ ಮನೆಯಾಯಿತು, ಮನೆ ಮಹಲಾಯಿತು.

ಸೇರುವ ಬಗೆಗೂ ಒಂದು ಕ್ರಮವಿದೆ. ವರ್ಷದ ಆರಂಭದಲ್ಲಿ ರಷ್ ಎಂಬ ವಾರ ಬರುತ್ತದೆ. ಹೊಸಬರು ಮನೆಯಿಂದ ಮನೆಗೆ ಹೋಗಿ ಪರಿಚಯ ಮಾಡಿಕೊಳ್ಳುತ್ತಾರೆ. ಒಪ್ಪಿಗೆಯಾದವನಿಗೆ ಆಹ್ವಾನ ಸಿಗುತ್ತದೆ. ಆಮೇಲೆ ಕೆಲವು ವಾರ ಅವನು ಪ್ಲೆಡ್ಜ್, ಅಂದರೆ ಹೊಸ್ತಿಲ ಮೇಲೆ ನಿಂತವನು. ಒಳಗೂ ಅಲ್ಲ, ಹೊರಗೂ ಅಲ್ಲ. ಕೊನೆಗೆ ದೀಕ್ಷೆ. ಪತ್ರಿಕೆಗಳಲ್ಲಿ ಬರುವ ಬಹುತೇಕ ಅನಾಹುತಗಳು ಈ ಹೊಸ್ತಿಲ ಕಾಲದಲ್ಲಿ ನಡೆದವು.

ಅಕ್ಕನಿಗೆ ನಾನು ಒತ್ತಿ ಹೇಳಿದ್ದು ಮುಂದಿನ ಮಾತನ್ನು. ಆ ಮನೆ ಹುಡುಗರದಲ್ಲ. ಅನೇಕ ಕಡೆ ಕಟ್ಟಡದ ಒಡೆತನ ಹಳೆಯ ವಿದ್ಯಾರ್ಥಿಗಳು ಕಟ್ಟಿಕೊಂಡ ಒಂದು ಸಂಸ್ಥೆಯದು. ಸಂಘದ ಹೆಸರು, ನಿಯಮ, ಸದಸ್ಯತ್ವದ ಶುಲ್ಕ ಎಲ್ಲ ಬೇರೆ ಊರಿನಲ್ಲಿರುವ ರಾಷ್ಟ್ರೀಯ ಕೇಂದ್ರ ಕಚೇರಿಯ ಕೈಯಲ್ಲಿವೆ. ನಮ್ಮ ಕಣ್ಣಿಗೆ ಬೀಳುವುದು ಅದರ ಒಂದು ಶಾಖೆ ಮಾತ್ರ. ಶಾಖೆಗೆ ಮಾನ್ಯತೆ ಕೊಡುವುದು ವಿಶ್ವವಿದ್ಯಾಲಯ. ಅಪಾಯಕ್ಕೆ ಬೆಲೆ ಕಟ್ಟುವುದು ವಿಮಾ ಕಂಪನಿ. ಇಪ್ಪತ್ತರ ಹುಡುಗರು ವಾಸವಾಗಿರುವ ಒಂದು ಮನೆಯ ಹಿಂದೆ ಇಷ್ಟು ಜನ ದೊಡ್ಡವರು ನಿಂತಿದ್ದಾರೆ. ಸಿನಿಮಾದಲ್ಲೂ ಟಿವಿಯಲ್ಲೂ ನಾವು ನೋಡುವುದು ಹುಡುಗರನ್ನು ಮಾತ್ರ. ನನ್ನ ದೂರು ಇದೇ. ಮಾಧ್ಯಮದ ಚಿತ್ರ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಅದರ ಚೌಕಟ್ಟು ಸಣ್ಣದು, ಚೌಕಟ್ಟಿನ ಆಚೆಗೇ ಮನೆಯ ಬೀಗದ ಕೈ ಇದೆ.

ಆ ಚಿತ್ರ ಮೂಡಿದ್ದು ಯಾವಾಗ? ಜನರ ಮನಸ್ಸಿನಲ್ಲಿ ಅದನ್ನು ಅಚ್ಚೊತ್ತಿದ್ದು 1978ರ ಜುಲೈನಲ್ಲಿ ತೆರೆಕಂಡ 'ಅನಿಮಲ್ ಹೌಸ್' ಎಂಬ ಹಾಸ್ಯಚಿತ್ರ. ಕತೆ ನಡೆಯುವುದು 1962ರಲ್ಲಿ, ಒಂದು ಕಲ್ಪಿತ ಕಾಲೇಜಿನಲ್ಲಿ. ಅದನ್ನು ಬರೆದವರಲ್ಲಿ ಒಬ್ಬರು ಡಾರ್ಟ್‌ಮತ್ ಕಾಲೇಜಿನ ಆಲ್ಫಾ ಡೆಲ್ಟಾ ಎಂಬ ಸಂಘದ ಹಳೆಯ ಸದಸ್ಯ, ತಮ್ಮ ದಿನಗಳ ನೆನಪನ್ನೇ ಕತೆಯಾಗಿಸಿದವರು. ಸುಮಾರು ಮೂವತ್ತು ಲಕ್ಷ ಡಾಲರಿನಲ್ಲಿ ತಯಾರಾದ ಆ ಚಿತ್ರ ಹದಿನಾಲ್ಕು ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಅದು ಬಂದ ಮೇಲೆ ದೇಶದ ಕ್ಯಾಂಪಸ್‌ಗಳಲ್ಲೆಲ್ಲ ಹೊದಿಕೆ ಸುತ್ತಿಕೊಳ್ಳುವ ಟೋಗಾ ಪಾರ್ಟಿಗಳು ಎದ್ದವು. ಅಂದರೆ ಚಿತ್ರ ಮನೆಯನ್ನು ನೋಡಿ ಹುಟ್ಟಿತು, ಆಮೇಲೆ ಮನೆ ಚಿತ್ರವನ್ನು ನೋಡಿ ನಡೆಯಿತು. ಇಂದು ಸಂಘ ಸೇರುವ ಹುಡುಗ ಒಳಗೆ ಹೇಗಿರಬೇಕು ಎನ್ನುವುದನ್ನು ಅರ್ಧ ಪರದೆಯಿಂದಲೇ ಕಲಿತು ಬಂದಿರುತ್ತಾನೆ. ಆ ಚಿತ್ರದಲ್ಲಿ ದೊಡ್ಡವರೆಂದರೆ ಹುಡುಗರನ್ನು ಓಡಿಸಲು ಹವಣಿಸುವ ಡೀನ್. ಕಟ್ಟಡದ ಒಡೆಯರಾದ ಹಳೆಯ ವಿದ್ಯಾರ್ಥಿಗಳು ಎಲ್ಲಿ, ಕೇಂದ್ರ ಕಚೇರಿ ಎಲ್ಲಿ ಎಂದು ನೋಡುವವರಿಗೆ ಹೊಳೆಯುವುದೇ ಇಲ್ಲ.

ಇದಾಗಿ ಆರು ವರ್ಷಕ್ಕೆ ಒಂದು ಕಾನೂನು ಬಂತು. ಅದರ ಪಾತ್ರವನ್ನು ಸುದ್ದಿಗಳು ಹೇಳುವುದು ಕಡಿಮೆ. 1984ರಲ್ಲಿ ಅಮೆರಿಕದ ಒಕ್ಕೂಟ ಸರ್ಕಾರ, ಮದ್ಯ ಕೊಳ್ಳುವ ಕನಿಷ್ಠ ವಯಸ್ಸನ್ನು ಇಪ್ಪತ್ತೊಂದಕ್ಕೆ ಏರಿಸದ ರಾಜ್ಯಗಳಿಗೆ ಹೆದ್ದಾರಿ ಅನುದಾನ ಕಡಿತ ಎಂದು ಕಟ್ಟಳೆ ಮಾಡಿತು. ರಸ್ತೆ ಅಪಘಾತ ತಗ್ಗಿಸುವ ಉದ್ದೇಶ ಒಳ್ಳೆಯದೇ. ಕ್ಯಾಂಪಸ್‌ಗಳಲ್ಲಿ ಮಾತ್ರ ಅದರಿಂದ ಬೇರೊಂದು ಪರಿಣಾಮವಾಯಿತು. ಕಾಲೇಜಿನ ನಾಲ್ಕು ವರ್ಷದಲ್ಲಿ ಮೊದಲ ಎರಡು ಮೂರು ವರ್ಷದ ಮಕ್ಕಳಿಗೆ ಬಾರ್ ಬಾಗಿಲು ಮುಚ್ಚಿತು, ಹಾಸ್ಟೆಲ್ಲಿನಲ್ಲಿ ಕಾವಲು ಬಿಗಿಯಾಯಿತು. ಉಳಿದದ್ದು ಖಾಸಗಿ ಕಟ್ಟಡ, ದೊಡ್ಡ ನೆಲಮಾಳಿಗೆ, ಒಂದಿಬ್ಬರಾದರೂ ವಯಸ್ಸು ತುಂಬಿದ ಸದಸ್ಯರು ಇರುವ ಜಾಗ. ಅದು ಫ್ರಾಟರ್ನಿಟಿ ಮನೆ. ಇದಕ್ಕೆ ಇನ್ನೊಂದು ನಿಯಮವನ್ನು ಜೋಡಿಸಿ ನೋಡಬೇಕು: ದೊಡ್ಡ ಸೊರಾರಿಟಿಗಳು ತಮ್ಮ ಮನೆಯೊಳಗೆ ಮದ್ಯಕ್ಕೆ ಅವಕಾಶ ಕೊಡುವುದಿಲ್ಲ. ಆದ್ದರಿಂದ ಹುಡುಗಿಯರು ಪಾರ್ಟಿ ಬೇಕೆಂದರೆ ಹುಡುಗರ ಮನೆಗೇ ಬರಬೇಕು. ಬಾಗಿಲಲ್ಲಿ ಯಾರನ್ನು ಬಿಡಬೇಕು, ಲೋಟಕ್ಕೆ ಏನು ಸುರಿಯಬೇಕು, ಮೇಲಿನ ಕೋಣೆಗಳ ಬಾಗಿಲು ಯಾವಾಗ ತೆರೆಯಬೇಕು ಎನ್ನುವುದೆಲ್ಲ ಹುಡುಗರ ತೀರ್ಮಾನ. ಕ್ಯಾಂಪಸ್ಸಿನ ಲೈಂಗಿಕ ದೌರ್ಜನ್ಯದ ಸುದ್ದಿಗಳಲ್ಲಿ ಈ ಮನೆಗಳ ಹೆಸರು ಪದೇ ಪದೇ ಬರುವುದಕ್ಕೆ ಈ ವ್ಯವಸ್ಥೆಯೂ ಕಾರಣ. ಹುಡುಗರ ಗುಣದ ಬಗ್ಗೆ ಬರೆದಷ್ಟು ಮನೆಯ ಬಾಗಿಲಿನ ಬಗ್ಗೆ ಬರೆದಿದ್ದರೆ ಎಷ್ಟೋ ಓದುಗರಿಗೆ ವಿಷಯ ಅರ್ಥವಾಗುತ್ತಿತ್ತು.

ಸೇರಬಯಸುವ ಹೊಸಬರಿಗೆ ಹಳಬರು ಕೊಡುವ ಹಿಂಸೆಗೆ ಹೇಜಿಂಗ್ ಎನ್ನುತ್ತಾರೆ. ಆ ಪದವನ್ನು ನಮ್ಮ ಓದುಗರಿಗೆ ರ್ಯಾಗಿಂಗ್ ಎಂದು ಹೇಳಿಬಿಡುವುದು ಸುಲಭ. ನಾನೂ ಅಕ್ಕನಿಗೆ ಮೊದಲು ಹಾಗೆಯೇ ಹೇಳಿದೆ, ಆಮೇಲೆ ತಿದ್ದಿಕೊಂಡೆ. ನಮ್ಮಲ್ಲಿ ರ್ಯಾಗಿಂಗ್ ಕಾಲೇಜಿಗೆ ಕಾಲಿಟ್ಟ ಯಾರ ಮೇಲಾದರೂ ಬಂದೆರಗುತ್ತದೆ; ಹಾಸ್ಟೆಲ್ ಸೇರಿದ್ದೇ ಅವನ ತಪ್ಪು. ಕರ್ನಾಟಕದ 1983ರ ಶಿಕ್ಷಣ ಕಾಯ್ದೆಯಲ್ಲೇ ಅದು ಶಿಕ್ಷಾರ್ಹ, 2009ರಿಂದ ಯುಜಿಸಿಯ ನಿಯಮಗಳೂ ಇವೆ. ಹೇಜಿಂಗ್ ನಡೆಯುವುದು ಒಳಗೆ ಬರಲು ತಾನಾಗಿ ಬಯಸಿದವನ ಮೇಲೆ. ಅವನು ಯಾವ ಕ್ಷಣದಲ್ಲಾದರೂ ಎದ್ದು ಹೋಗಬಹುದು, ಹೋಗುವುದಿಲ್ಲ. ಆರು ವಾರದಿಂದ ಜೊತೆಗಿರುವ ಹತ್ತು ಗೆಳೆಯರು ಪಕ್ಕದಲ್ಲಿ ನಿಂತಿದ್ದಾರೆ, ಇನ್ನೊಂದು ರಾತ್ರಿ ಕಳೆದರೆ ಸಹೋದರನಾಗುತ್ತಾನೆ. ಹೊರಗಿನವರು ಇದನ್ನು ನೋಡಿ "ಅವನೇ ಹೋಗಿ ಸೇರಿದ್ದಲ್ಲವೇ" ಎನ್ನುತ್ತಾರೆ. ಸತ್ತ ಹುಡುಗರ ತಂದೆತಾಯಿಯರಿಗೆ ಸುದ್ದಿಯ ಕೆಳಗೆ ಓದಲು ಸಿಗುವ ಅತ್ಯಂತ ಕ್ರೂರ ಮಾತು ಇದು. ಈ ಕಾರಣಕ್ಕೇ ಅಮೆರಿಕದ ಹಲವು ರಾಜ್ಯಗಳ ಕಾನೂನಿನಲ್ಲಿ, ಹೊಸಬ ಒಪ್ಪಿದ್ದ ಎಂಬುದು ಆರೋಪಿಗಳಿಗೆ ರಕ್ಷಣೆಯಾಗುವುದಿಲ್ಲ ಎಂದು ಬರೆದಿಟ್ಟಿದ್ದಾರೆ.

ಇದು ಹೊಸ ಪಿಡುಗೇನಲ್ಲ. 1873ರ ಅಕ್ಟೋಬರ್‌ನಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಒಬ್ಬ ಹೊಸ ವಿದ್ಯಾರ್ಥಿ, ಅಮೆರಿಕದ ಪೇಟೆಂಟ್ ಕಮಿಷನರ್ ಆಗಿದ್ದ ಜನರಲ್ ಒಬ್ಬರ ಮಗ, ಸಂಘದ ದೀಕ್ಷೆಯ ಭಾಗವಾಗಿ ರಾತ್ರಿ ಊರಾಚೆ ನಡೆಯುವಾಗ ಇಥಾಕಾದ ಕಮರಿಗೆ ಬಿದ್ದು ಸತ್ತ. ಹೇಜಿಂಗ್ ಸಾವುಗಳ ಲೆಕ್ಕವನ್ನು ದಶಕಗಳಿಂದ ಇಟ್ಟುಕೊಂಡು ಬಂದಿರುವವರು ಪತ್ರಕರ್ತ ಹ್ಯಾಂಕ್ ನ್ಯೂವರ್. ಅವರ ಪಟ್ಟಿಯ ಪ್ರಕಾರ 1959ರಿಂದ 2019ರವರೆಗೆ ಒಂದೇ ಒಂದು ವರ್ಷವೂ ಸಾವಿಲ್ಲದೆ ಕಳೆದಿಲ್ಲ.

ಪತ್ರಿಕೆಗಳು ಇದನ್ನು ಬರೆದ ರೀತಿ ಮಾತ್ರ ಕಾಲಕ್ಕೆ ತಕ್ಕಂತೆ ಬದಲಾಯಿತು. 1967ರಲ್ಲಿ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆ, ಡೆಲ್ಟಾ ಕಪ್ಪ ಎಪ್ಸಿಲಾನ್ ಸಂಘದಲ್ಲಿ ಹೊಸಬರ ಬೆನ್ನಿನ ಕೆಳಗೆ ಕಾಯಿಸಿದ ಕೋಟ್ ಹ್ಯಾಂಗರ್ ತಂತಿಯಿಂದ ಬರೆ ಹಾಕುತ್ತಾರೆ ಎಂದು ವರದಿ ಮಾಡಿತು. ನ್ಯೂಯಾರ್ಕ್ ಟೈಮ್ಸ್ ಅದನ್ನು ಎತ್ತಿಕೊಂಡಿತು. ಸಂಘದ ಹಿಂದಿನ ಅಧ್ಯಕ್ಷನಾಗಿದ್ದ ವಿದ್ಯಾರ್ಥಿ, ಅದೇನು ದೊಡ್ಡದಲ್ಲ, ಸಿಗರೇಟು ತಗಲಿದಷ್ಟು ಗಾಯ ಎಂದು ಸಮಜಾಯಿಷಿ ಕೊಟ್ಟ. ಆತ ಜಾರ್ಜ್ ಡಬ್ಲ್ಯೂ. ಬುಷ್. ಆಗ ಅದು ಹುಡುಗಾಟಿಕೆಯ ಸುದ್ದಿ. ಒಂದೆರಡು ದಿನ ಓಡಿ ನಿಂತಿತು. ಇಂದು ಅದೇ ವಿಷಯ ಬಂದರೆ ಪೊಲೀಸರು ಬರುತ್ತಾರೆ. ಜನರ ಮನಸ್ಸು ಅಷ್ಟರಮಟ್ಟಿಗೆ ಸರಿದಿದೆ, ಅದರ ಹಿಂದೆ ಎಷ್ಟೋ ತಾಯಂದಿರ ಹೋರಾಟವಿದೆ.

ಪೆನ್ಸಿಲ್ವೇನಿಯಾದ ಘಟನೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. 2017ರ ಫೆಬ್ರವರಿ 2ರ ರಾತ್ರಿ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಬೀಟಾ ಥೀಟಾ ಪೈ ಸಂಘದ ಮನೆ. ದಾಖಲೆಯಲ್ಲಿ ಅದು ಮದ್ಯಮುಕ್ತ ಮನೆ. ಶ್ರೀಮಂತ ಹಳೆಯ ಸದಸ್ಯರೊಬ್ಬರು ಕೋಟಿಗಟ್ಟಲೆ ಖರ್ಚು ಮಾಡಿ ಅದನ್ನು ಹೊಸದಾಗಿಸಿ, ಒಳಗೆಲ್ಲ ಕ್ಯಾಮೆರಾ ಹಾಕಿಸಿದ್ದರು. ಸಲಹೆಗಾರರಾಗಿ ಒಬ್ಬ ವಯಸ್ಕರೂ ಅದೇ ಮನೆಯಲ್ಲಿ ವಾಸವಿದ್ದರು. ಅಂದು ಆಹ್ವಾನ ಒಪ್ಪಿಕೊಂಡ ಹೊಸಬರನ್ನು ಸಾಲಾಗಿ ನಿಲ್ಲಿಸಿ, ಒಂದು ಕಡೆ ವೋಡ್ಕಾ, ಮುಂದೆ ಬಿಯರ್, ಮುಂದೆ ವೈನ್ ಎಂದು ಕುಡಿಸುತ್ತ ಸಾಗಿಸಿದರು. ಹತ್ತೊಂಬತ್ತು ವರ್ಷದ ಒಬ್ಬ ಹುಡುಗನಿಗೆ ಎಂಬತ್ತೆರಡು ನಿಮಿಷದಲ್ಲಿ ಹದಿನೆಂಟು ಬಾರಿ ಮದ್ಯ ಕೊಟ್ಟಿದ್ದರೆಂದು ತನಿಖೆ ಆಮೇಲೆ ಹೇಳಿತು. ಅವನು ನೆಲಮಾಳಿಗೆಯ ಮೆಟ್ಟಿಲಿನಿಂದ ಬಿದ್ದ. ಎತ್ತಿ ತಂದು ಸೋಫಾದ ಮೇಲೆ ಹಾಕಿದರು. ಅಂಗಾತ ಹೊರಳಿ ವಾಂತಿ ಉಸಿರಿಗೆ ಸಿಕ್ಕದಿರಲಿ ಎಂದು ಪುಸ್ತಕ ತುಂಬಿದ ಬ್ಯಾಗನ್ನು ಬೆನ್ನಿಗೆ ಕಟ್ಟಿದರು. ರಾತ್ರಿಯೆಲ್ಲ ಅವನು ಏಳಲು ನೋಡುತ್ತಾನೆ, ಬೀಳುತ್ತಾನೆ, ಮತ್ತೆ ಏಳಲು ನೋಡುತ್ತಾನೆ. ಜನ ಪಕ್ಕದಲ್ಲೇ ಹಾದುಹೋಗುತ್ತಾರೆ. ಬೆಳಿಗ್ಗೆ ಹತ್ತು ಗಂಟೆ ದಾಟಿ ಮುಕ್ಕಾಲು ಗಂಟೆಯಾದ ಮೇಲೆ ಯಾರೋ ತುರ್ತು ಸೇವೆಗೆ ಫೋನ್ ಮಾಡಿದರು. ಅಷ್ಟರಲ್ಲಿ ಮೊದಲು ಬಿದ್ದು ಹನ್ನೆರಡು ಗಂಟೆಯಾಗಿತ್ತು. ತಲೆಬುರುಡೆ ಒಡೆದಿತ್ತು, ಗುಲ್ಮ ಚೂರಾಗಿತ್ತು. ಫೆಬ್ರವರಿ 4ರಂದು ಅವನು ತೀರಿಕೊಂಡ.

ಇದನ್ನು ಬರೆಯುವಾಗ ಕೈ ನಡುಗುತ್ತದೆ. ಆ ಬ್ಯಾಗಿನ ವಿಚಾರ ನನ್ನನ್ನು ಬಿಟ್ಟಿಲ್ಲ. ಹೀಗೆ ಬ್ಯಾಗ್ ಕಟ್ಟಬೇಕು ಎಂಬುದನ್ನು ಆ ಹುಡುಗರು ಅಂದು ರಾತ್ರಿ ಹೊಸದಾಗಿ ಕಂಡುಹಿಡಿಯಲಿಲ್ಲ. ಅದಕ್ಕೊಂದು ಹೆಸರೇ ಇತ್ತು, ಹಿರಿಯರಿಂದ ಕಿರಿಯರಿಗೆ ಇಳಿದು ಬಂದ ವಿದ್ಯೆ ಅದು. ಉಸಿರು ಕಟ್ಟಬಹುದು ಎಂದು ಗೊತ್ತಿತ್ತು, ಆಸ್ಪತ್ರೆಗೆ ಕರೆದೊಯ್ಯಬೇಕು ಎಂಬುದು ಮಾತ್ರ ಆ ಪಾಠದಲ್ಲಿ ಇರಲಿಲ್ಲ.

ಈ ಪ್ರಕರಣ ಉಳಿದವಕ್ಕಿಂತ ಬೇರೆಯಾದದ್ದು ಕ್ಯಾಮೆರಾದಿಂದ. ನೆಲಮಾಳಿಗೆಯ ದೃಶ್ಯಗಳನ್ನು ಅಳಿಸಿಹಾಕಲಾಗಿತ್ತು, ಎಫ್‌ಬಿಐ ಅವನ್ನು ಮರಳಿ ತೆಗೆಯಿತು. ಅದುವರೆಗೆ ಇಂಥ ಸಾವುಗಳು ಪತ್ರಿಕೆಯಲ್ಲಿ "ಪಾರ್ಟಿಯಲ್ಲಿ ವಿದ್ಯಾರ್ಥಿ ಸಾವು" ಎಂಬ ನಾಲ್ಕು ಸಾಲಿನಲ್ಲಿ ಮುಗಿಯುತ್ತಿದ್ದವು. ಇಲ್ಲಿ ನಿಮಿಷ ನಿಮಿಷದ ದಾಖಲೆ ನ್ಯಾಯಾಲಯಕ್ಕೆ ಬಂತು. ಮಾರನೆಯ ವರ್ಷ ಪೆನ್ಸಿಲ್ವೇನಿಯಾ ಆ ಹುಡುಗನ ಹೆಸರಿನಲ್ಲೇ, ತಿಮೊಥಿ ಪಿಯಾಜ ಕಾನೂನು ಎಂದು, ಹೇಜಿಂಗ್ ವಿರುದ್ಧ ಕಠಿಣ ಕಾನೂನು ತಂದಿತು.

ಸಾಕ್ಷಿ ಇದ್ದಾಗ ಏನಾಗುತ್ತದೆ ಎಂಬುದಕ್ಕೆ ಇದು ಉದಾಹರಣೆಯಾದರೆ, ಮನಸ್ಸಿನಲ್ಲಿ ಚಿತ್ರ ಮೊದಲೇ ಸಿದ್ಧವಾಗಿದ್ದಾಗ ಏನಾಗುತ್ತದೆ ಎಂಬುದಕ್ಕೆ ವರ್ಜೀನಿಯಾ ಉದಾಹರಣೆ. 2014ರ ನವೆಂಬರ್‌ನಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆ, ವರ್ಜೀನಿಯಾ ವಿಶ್ವವಿದ್ಯಾಲಯದ ಫೈ ಕಪ್ಪ ಸೈ ಮನೆಯಲ್ಲಿ ಒಬ್ಬ ವಿದ್ಯಾರ್ಥಿನಿಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆದಿತ್ತು ಎಂಬ ದೀರ್ಘ ವರದಿ ಪ್ರಕಟಿಸಿತು. ದೇಶ ಬೆಚ್ಚಿತು. ಸಂಘದ ಮನೆಗೆ ಕಲ್ಲು ಬಿತ್ತು, ವಿಶ್ವವಿದ್ಯಾಲಯ ಎಲ್ಲ ಸಂಘಗಳ ಚಟುವಟಿಕೆ ನಿಲ್ಲಿಸಿತು. ಕೆಲವೇ ವಾರಗಳಲ್ಲಿ ವಾಷಿಂಗ್ಟನ್ ಪೋಸ್ಟ್‌ನ ವರದಿಗಾರರು ಕೇಳಬೇಕಾದ ಸರಳ ಪ್ರಶ್ನೆಗಳನ್ನು ಕೇಳಿದಾಗ ಕತೆ ನಿಲ್ಲಲಿಲ್ಲ. ಪೊಲೀಸರು ತಮಗೆ ಯಾವ ಆಧಾರವೂ ಸಿಗಲಿಲ್ಲ ಎಂದರು. ಕೊಲಂಬಿಯಾ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ಶಾಲೆ ತನಿಖೆ ಮಾಡಿ, 2015ರ ಏಪ್ರಿಲ್‌ನಲ್ಲಿ ವರದಿಗಾರಿಕೆ, ಸಂಪಾದನೆ, ಸತ್ಯ ಪರಿಶೀಲನೆ ಎಲ್ಲ ಹಂತದಲ್ಲೂ ಲೋಪವಾಗಿತ್ತು ಎಂದಿತು. ಪತ್ರಿಕೆ ಲೇಖನವನ್ನು ಹಿಂತೆಗೆದುಕೊಂಡಿತು, ಆಮೇಲೆ ಸಂಘಕ್ಕೆ ಹದಿನಾರೂವರೆ ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ಆ ತನಿಖಾ ವರದಿಯಲ್ಲಿ ನನಗೆ ಮುಖ್ಯವೆನಿಸಿದ ಸಂಗತಿ ಒಂದಿದೆ. ವರದಿಗಾರ್ತಿ ಹೊರಟಿದ್ದು ಇಡೀ ಸಮಸ್ಯೆಗೆ ಮುಖವಾಗಬಲ್ಲ ಒಂದು ಪ್ರಕರಣವನ್ನು ಹುಡುಕಿಕೊಂಡು. ಹಾಗೆ ಹುಡುಕಿ ಹೋದವರಿಗೆ, ತಲೆಯಲ್ಲಿರುವ ಚಿತ್ರಕ್ಕೆ ಸರಿಹೊಂದುವ ಕತೆ ಸಿಕ್ಕಿದ ಕೂಡಲೇ ಇನ್ನೊಂದು ಬಾಗಿಲು ಬಡಿಯಲು ಮನಸ್ಸು ಬರುವುದಿಲ್ಲ. ಅಂದು ರಾತ್ರಿ ಆ ವಿದ್ಯಾರ್ಥಿನಿಯನ್ನು ಭೇಟಿಯಾದರೆಂದು ಹೇಳಲಾದ ಮೂವರು ಸ್ನೇಹಿತರನ್ನು ಅವರು ಮಾತನಾಡಿಸಿರಲಿಲ್ಲ. ಪೆಟ್ಟು ಬಿದ್ದದ್ದು ಸಂಘಕ್ಕೆ ಮಾತ್ರವಲ್ಲ. ಮುಂದೆ ಬೇರೆ ಬೇರೆ ಕ್ಯಾಂಪಸ್ಸಿನಲ್ಲಿ ನಿಜವಾಗಿ ನೊಂದ ಹುಡುಗಿಯರು ಬಾಯಿ ತೆರೆದಾಗ, "ವರ್ಜೀನಿಯಾದಲ್ಲಿ ಏನಾಯಿತು ಗೊತ್ತಲ್ಲ" ಎಂಬ ಮಾತು ಕಾದಿರುತ್ತಿತ್ತು. ಇದಕ್ಕಿಂತ ದೊಡ್ಡ ಅನ್ಯಾಯವನ್ನು ಒಂದು ಪತ್ರಿಕೆ ಮಾಡುವುದು ಕಷ್ಟ.

ಒಳ್ಳೆಯ ಪತ್ರಿಕೋದ್ಯಮ ಬಂದದ್ದು ಸಾಮಾನ್ಯವಾಗಿ ಹತ್ತಿರದಲ್ಲಿದ್ದವರಿಂದ. 2013ರ ಸೆಪ್ಟೆಂಬರ್‌ನಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆ 'ದಿ ಕ್ರಿಮ್ಸನ್ ವೈಟ್' ಒಂದು ವರದಿ ಪ್ರಕಟಿಸಿತು. ರಾಜ್ಯಪಾಲ ಜಾರ್ಜ್ ವಾಲೆಸ್ ಕಪ್ಪು ವಿದ್ಯಾರ್ಥಿಗಳನ್ನು ತಡೆಯಲು ಬಾಗಿಲಲ್ಲಿ ನಿಂತ ಅದೇ ವಿಶ್ವವಿದ್ಯಾಲಯ. ಆ ಘಟನೆಗೆ ಸರಿಯಾಗಿ ಐವತ್ತು ವರ್ಷ ತುಂಬಿತ್ತು. ಒಳ್ಳೆಯ ಅಂಕ, ಒಳ್ಳೆಯ ಮನೆತನ ಎಲ್ಲ ಇದ್ದ ಒಬ್ಬ ಕಪ್ಪು ವಿದ್ಯಾರ್ಥಿನಿಯನ್ನು ಬಿಳಿಯರ ಸೊರಾರಿಟಿಗಳು ಒಂದಾದ ಮೇಲೊಂದು ಕೈಬಿಟ್ಟವು. ಎಲ್ಲರೂ ಸಹಜವಾಗಿ ಹುಡುಗಿಯರನ್ನು ದೂರುತ್ತಿದ್ದರು. ಪತ್ರಿಕೆಯ ಮುಂದೆ ಬಾಯಿಬಿಟ್ಟ ಸದಸ್ಯೆಯರು ಹೇಳಿದ್ದು ಬೇರೆ: ನಮಗೆ ಅವಳು ಬೇಕಿತ್ತು, ತಡೆದವರು ಹಳೆಯ ಸದಸ್ಯೆಯರು. ಚೌಕಟ್ಟಿನ ಆಚೆಗಿದ್ದ ದೊಡ್ಡವರು ಮೊದಲ ಬಾರಿಗೆ ಬೆಳಕಿಗೆ ಬಂದರು. ವಿಶ್ವವಿದ್ಯಾಲಯ ಆಯ್ಕೆಯ ಬಾಗಿಲನ್ನು ಮತ್ತೆ ತೆರೆಸಿತು, ಕೆಲವು ಕಪ್ಪು ಹುಡುಗಿಯರು ಅದೇ ತಿಂಗಳು ಆ ಮನೆಗಳಿಗೆ ಸೇರಿದರು.

2015ರ ಮಾರ್ಚ್‌ನಲ್ಲಿ ಒಕ್ಲಹೋಮಾದಲ್ಲೂ ಇದೇ ಆಯಿತು. ಸಿಗ್ಮಾ ಆಲ್ಫಾ ಎಪ್ಸಿಲಾನ್ ಸಂಘದ ಹುಡುಗರು ಬಸ್ಸಿನಲ್ಲಿ ಕಪ್ಪು ಜನರನ್ನು ನಿಂದಿಸುವ ಹಾಡು ಹೇಳುವ ಕೆಲವೇ ಸೆಕೆಂಡುಗಳ ವಿಡಿಯೊ ಹೊರಬಂತು. ವಿಶ್ವವಿದ್ಯಾಲಯ ಶಾಖೆ ಮುಚ್ಚಿಸಿತು, ಇಬ್ಬರನ್ನು ಹೊರಹಾಕಿತು. ಟಿವಿಯವರಿಗೆ ಅಲ್ಲಿಗೆ ಕತೆ ಮುಗಿಯಿತು: ಕೆಟ್ಟ ಹುಡುಗರು, ತಕ್ಕ ಶಿಕ್ಷೆ. ಮೂರು ವಾರದ ನಂತರ ಬಂದ ತನಿಖೆಯ ಫಲಿತಾಂಶಕ್ಕೆ ಅಷ್ಟು ಜಾಗ ಸಿಗಲಿಲ್ಲ. ಆ ಹಾಡನ್ನು ಶಾಖೆಯ ಸದಸ್ಯರು ಕಲಿತಿದ್ದು ನಾಲ್ಕು ವರ್ಷದ ಹಿಂದೆ, ಸಂಘದ ಕೇಂದ್ರ ಸಂಸ್ಥೆ ಹಡಗಿನಲ್ಲಿ ಏರ್ಪಡಿಸಿದ್ದ ನಾಯಕತ್ವ ಶಿಬಿರದಲ್ಲಿ.

ಇಷ್ಟೆಲ್ಲ ಓದಿದವರಿಗೆ ಮುಚ್ಚಿಬಿಡಲಿ ಈ ಮನೆಗಳನ್ನು ಎನ್ನಿಸಬಹುದು. ವಿಲಿಯಮ್ಸ್ ಕಾಲೇಜು 1960ರ ದಶಕದಲ್ಲಿ, ಆಮ್ಹರ್ಸ್ಟ್ ಮತ್ತು ಕೋಲ್ಬಿ 1984ರಲ್ಲಿ ಹಾಗೆಯೇ ಮಾಡಿದವು. ಆದರೆ ಗ್ರೀಕ್ ಅಕ್ಷರವೆಂದರೆ ಬಿಳಿ ಶ್ರೀಮಂತರ ನೆಲಮಾಳಿಗೆ ಎಂದುಕೊಂಡರೆ ಅರ್ಧ ಚರಿತ್ರೆ ಬಿಟ್ಟುಹೋಗುತ್ತದೆ. ಕಪ್ಪು ವಿದ್ಯಾರ್ಥಿಗಳಿಗೆ ಬಾಡಿಗೆ ಕೋಣೆಯೂ ಸಿಗದ ಕಾಲದಲ್ಲಿ, 1906ರಲ್ಲಿ, ಕಾರ್ನೆಲ್‌ನ ಏಳು ಜನ ಕಟ್ಟಿಕೊಂಡದ್ದು ಆಲ್ಫಾ ಫೈ ಆಲ್ಫಾ. ಮಾರ್ಟಿನ್ ಲೂಥರ್ ಕಿಂಗ್ ಅದರ ಸದಸ್ಯರು. ಶಾಲೆಗಳ ಜನಾಂಗ ಪ್ರತ್ಯೇಕತೆಯ ವಿರುದ್ಧ ವಾದಿಸಿ ಗೆದ್ದು, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದ ತರ್ಗುಡ್ ಮಾರ್ಷಲ್ ಕೂಡ. 1908ರಲ್ಲಿ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಆಲ್ಫಾ ಕಪ್ಪ ಆಲ್ಫಾ ಸೊರಾರಿಟಿಯ ಸದಸ್ಯೆ ಕಮಲಾ ಹ್ಯಾರಿಸ್. 2024ರ ಚುನಾವಣೆಯಲ್ಲಿ ಗುಲಾಬಿ ಮತ್ತು ಹಸಿರು ಉಟ್ಟ ಹೆಂಗಸರು ಸಾಲುಸಾಲಾಗಿ ಅವರ ಬೆನ್ನಿಗೆ ನಿಂತದ್ದು ಆ ನಂಟಿನಿಂದ. ಇವರಿಗೆ ಸಂಘ ಎಂದರೆ ಕಾಲೇಜು ಮುಗಿದ ಮೇಲೆ ಶುರುವಾಗುವ ಜೀವನಪರ್ಯಂತದ ಕೆಲಸ. ಅವರಲ್ಲೂ ಹೊಡೆತದ, ಸಾವಿನ ಪ್ರಕರಣಗಳು ಇವೆ, ಇಲ್ಲವೆನ್ನಲಾಗದು. 1990ರ ದಶಕದಿಂದ ದಕ್ಷಿಣ ಏಷ್ಯಾದ ಮಕ್ಕಳೂ ತಮ್ಮ ಸಂಘ ಕಟ್ಟಿಕೊಂಡಿದ್ದಾರೆ. ಲಾಸ್ ಏಂಜಲೀಸ್‌ನಲ್ಲಿ 1999ರಲ್ಲಿ ಆರಂಭವಾದ ಬೀಟಾ ಕೈ ಥೀಟಾ ಅಂಥದೊಂದು. ಮನೆಯಲ್ಲಿ ಕನ್ನಡವನ್ನೋ ಗುಜರಾತಿಯನ್ನೋ ಮಾತನಾಡಿ ಬೆಳೆದ ಹುಡುಗ ನಲವತ್ತು ಸಾವಿರ ಜನರ ಕ್ಯಾಂಪಸ್ಸಿನಲ್ಲಿ ಒಂಟಿಯಾದಾಗ, ಅನ್ನ ಸಾರು ಎಂದರೆ ಏನೆಂದು ವಿವರಿಸಬೇಕಿಲ್ಲದ ಗೆಳೆಯರು ಸಿಗುವುದು ಸಣ್ಣ ವಿಷಯವಲ್ಲ. ನನ್ನ ಸೋದರಳಿಯ ಅಮ್ಮನ ಹತ್ತಿರ ಹೇಳಲಾಗದೆ ನನ್ನ ಹತ್ತಿರ ಹೇಳಿದ್ದು ಇದನ್ನೇ: "ಮಾವ, ಇಲ್ಲಿ ಭಾನುವಾರ ಮಧ್ಯಾಹ್ನ ಯಾರೂ ಇರುವುದಿಲ್ಲ."

ಹೇಜಿಂಗ್ ಎಂದರೆ ಫ್ರಾಟರ್ನಿಟಿ ಮಾತ್ರ ಎಂಬುದೂ ಚಿತ್ರ ಕಟ್ಟಿಕೊಟ್ಟ ನಂಬಿಕೆ. ಮೇನ್ ವಿಶ್ವವಿದ್ಯಾಲಯದ ಎಲಿಜಬೆತ್ ಅಲನ್ ಮತ್ತು ಮೇರಿ ಮ್ಯಾಡನ್ 2008ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ 53 ಕಾಲೇಜುಗಳ ಹನ್ನೊಂದು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಉತ್ತರಿಸಿದ್ದರು. ಸಂಘ, ತಂಡ, ಕೂಟಗಳಲ್ಲಿರುವ ವಿದ್ಯಾರ್ಥಿಗಳಲ್ಲಿ ಶೇ 55ರಷ್ಟು ಮಂದಿ ಹೇಜಿಂಗ್ ಅನುಭವಿಸಿದ್ದರು. ಗ್ರೀಕ್ ಸಂಘಗಳಲ್ಲಿ ಶೇ 73. ವಿಶ್ವವಿದ್ಯಾಲಯದ ಕ್ರೀಡಾ ತಂಡಗಳಲ್ಲಿ ಶೇ 74. ಕ್ರೀಡಾಪಟುಗಳ ಪ್ರಮಾಣ ಹೆಚ್ಚೂಕಡಿಮೆ ಅಷ್ಟೇ ಇದೆ, ಆದರೂ ಶನಿವಾರದ ಫುಟ್‌ಬಾಲ್ ಪಂದ್ಯ ನೋಡುವಾಗ ಯಾರಿಗೂ ಅದು ನೆನಪಾಗುವುದಿಲ್ಲ. 2011ರಲ್ಲಿ ಫ್ಲೋರಿಡಾದಲ್ಲಿ ಒಬ್ಬ ವಿದ್ಯಾರ್ಥಿ ಬಸ್ಸಿನೊಳಗೆ ಸಹಪಾಠಿಗಳ ಹೊಡೆತಕ್ಕೆ ಸತ್ತ. ಅವನು ಇದ್ದದ್ದು ಕಾಲೇಜಿನ ವಾದ್ಯವೃಂದದಲ್ಲಿ.

ಈಗ ಚಿತ್ರ ಬರೆಯುವವರೂ ಬದಲಾಗಿದ್ದಾರೆ. 2021ರ ಆಗಸ್ಟ್‌ನಲ್ಲಿ ಅಲಬಾಮಾದ ಸೊರಾರಿಟಿ ರಷ್ ವಾರ ಟಿಕ್‌ಟಾಕ್‌ನಲ್ಲಿ ಹರಡಿ, ಹುಡುಗಿಯರು ಇವತ್ತಿನ ಉಡುಪು ಯಾವುದು ಎಂದು ತೋರಿಸುವುದನ್ನು ಕೋಟ್ಯಂತರ ಜನ ನೋಡಿದರು. ಎಂಟು ವರ್ಷದ ಹಿಂದೆ ಇದೇ ಕ್ಯಾಂಪಸ್ಸಿನ ಇದೇ ವಾರದಲ್ಲಿ ಏನು ನಡೆದಿತ್ತೆಂದು ಆ ನೋಟಗಳಲ್ಲಿ ತಿಳಿಯುವಂತಿರಲಿಲ್ಲ. 2024ರ ವಸಂತದಲ್ಲಿ ಗಾಜಾ ಕುರಿತ ಪ್ರತಿಭಟನೆ ನಡೆಯುವಾಗ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಕೆಲವು ಸಂಘದ ಹುಡುಗರು ಅಮೆರಿಕದ ಧ್ವಜ ನೆಲಕ್ಕೆ ತಾಗದಂತೆ ಹಿಡಿದು ನಿಂತರು. ಅವರಿಗೊಂದು ಪಾರ್ಟಿ ಕೊಡಿಸಲು ಅಪರಿಚಿತರು ಐದು ಲಕ್ಷ ಡಾಲರಿಗೂ ಹೆಚ್ಚು ಹಣ ಕಳಿಸಿದರು. ಹಿಂದಿನ ವಾರದವರೆಗೆ ಖಳರಾಗಿದ್ದವರು ಅರ್ಧ ದೇಶಕ್ಕೆ ವೀರರಾದರು. ಎರಡು ಬಾರಿಯೂ ಒಳಗೆ ಹೋಗಿ ನೋಡಿದವರು ಕಡಿಮೆ.

ಹಾಗಾದರೆ ತಂದೆತಾಯಿ ಏನು ಕೇಳಬೇಕು? ಮನೆ ಯಾರದು ಎಂದು ಕೇಳಬೇಕು. ವಿಮೆ ಯಾರನ್ನು ಕಾಯುತ್ತದೆ ಎಂದು ಕೇಳಬೇಕು. ಸಾಮಾನ್ಯವಾಗಿ ಸದಸ್ಯ ಮದ್ಯದ ನಿಯಮ ಮುರಿದರೆ ಕೇಂದ್ರ ಸಂಸ್ಥೆಯ ವಿಮೆ ಅವನ ಕೈಬಿಡುತ್ತದೆ, ದಾವೆ ಹುಡುಗನ ಮೇಲೆ, ಅವನ ಮನೆಯವರ ಮೇಲೆ ಬರುತ್ತದೆ. ಹೊಸಬರ ಅವಧಿ ಎಷ್ಟು ವಾರ ಎಂದೂ ಕೇಳಬೇಕು. ದೇಶದಲ್ಲೇ ಅತಿ ಹೆಚ್ಚು ಸಾವು ಕಂಡ ಸಂಘಗಳಲ್ಲಿ ಒಂದೆಂಬ ಹೆಸರು ಪಡೆದ ಸಿಗ್ಮಾ ಆಲ್ಫಾ ಎಪ್ಸಿಲಾನ್, 2014ರಲ್ಲಿ ಆ ಹೊಸ್ತಿಲ ಕಾಲವನ್ನೇ ತೆಗೆದುಹಾಕಿತು. ಆಹ್ವಾನ ಒಪ್ಪಿದವನು ಕೆಲವೇ ದಿನದಲ್ಲಿ ಪೂರ್ಣ ಸದಸ್ಯ. ಇದನ್ನೆಲ್ಲ ಕೇಳಿದರೆ ಮಗನಿಗೆ ಮುಜುಗರವಾಗುತ್ತದೆ ಎಂದು ಅಕ್ಕ ಅಂದಳು. ಆಗಲಿ ಬಿಡು ಎಂದೆ.

ಇನ್ನೊಂದು ದಾರಿ ಈಗ ತೆರೆದಿದೆ. 2024ರ ಡಿಸೆಂಬರ್ 23ರಂದು ಅಧ್ಯಕ್ಷ ಬೈಡನ್ ಸಹಿ ಹಾಕಿದ ಒಕ್ಕೂಟ ಕಾನೂನಿನಂತೆ, ಪ್ರತಿ ಕಾಲೇಜೂ ಹೇಜಿಂಗ್ ನಡೆಸಿದ ಸಂಘಟನೆಯ ಹೆಸರು, ಏನು ನಡೆಯಿತು, ಯಾವಾಗ, ಏನು ಶಿಕ್ಷೆ ಎಂಬುದನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸಬೇಕು. ಮೊದಲ ಪಟ್ಟಿಗೆ 2025ರ ಡಿಸೆಂಬರ್ ಗಡುವು. ಗಡುವಿನ ಮಾರನೆಯ ದಿನ ಅಕ್ಕ ಮತ್ತೆ ಫೋನ್ ಮಾಡಿದಳು. ಮಗನ ವಿಶ್ವವಿದ್ಯಾಲಯದ ಪುಟವನ್ನು ತೆರೆದು ಕನ್ನಡಕ ಹಾಕಿಕೊಂಡು ಕುಳಿತಿದ್ದಳು. ಮೂರು ಹೆಸರಿದ್ದವು. ಎರಡು ಫ್ರಾಟರ್ನಿಟಿ, ಒಂದು ಈಜು ತಂಡ. ಮಗ ಸೇರಬೇಕೆಂದಿದ್ದ ಸಂಘ ಆ ಮೂರರಲ್ಲಿ ಇರಲಿಲ್ಲ. "ಈಜುವವರೂ ಹೀಗೆ ಮಾಡುತ್ತಾರೇನೋ?" ಎಂದು ಕೇಳಿದಳು. ಆಮೇಲೆ ಆ ಎರಡು ಮನೆಗಳ ಒಡೆಯರು ಯಾರು ಎಂಬುದು ಎಲ್ಲಿ ಸಿಗುತ್ತದೆ ಎಂದಳು. ಕೌಂಟಿಯ ಆಸ್ತಿ ದಾಖಲೆಯಲ್ಲಿ ಹುಡುಕುವುದು ಹೇಗೆಂದು ಹೇಳಿಕೊಟ್ಟೆ.